ಸಾಥ್ ನೀಡುವ ಗೋಡೆಗಳು

ಧಾರವಾಡದಲ್ಲಿ ಆ ವರ್ಷ ಯಾವ ಮನೆಯೂ ಮೌನವಾಗಿರಲಿಲ್ಲ.

ಹೂಗಾರ ಓಣಿಯ ಕೊನೆಯ ಮನೆಯಲ್ಲಿ ಡಾ. ನೀಲಾಂಬಿಕಾ ಬೆಳವಡಿ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ಹಿಟ್ಟಿನ ಮೇಲೆ ಬಿದ್ದಾಗಲೆಲ್ಲ ಅಡುಗೆಮನೆಯ ಗೋಡೆ ತಬಲಾದ ಡಗ್ಗಾದಂತೆ ಗುಮುಗುಟ್ಟುತ್ತಿತ್ತು. ಪಡಸಾಲೆಯಲ್ಲಿ ಹನ್ನೊಂದು ವರ್ಷದ ಮಗಳು ಮುಕ್ತಾ ಒಂಟಿಕಾಲಿನಲ್ಲಿ ಜಿಗಿಯುತ್ತಿದ್ದಳು; ಪ್ರತಿ ಜಿಗಿತಕ್ಕೂ ಗೋಡೆಯ ಮಾಡದೊಳಗಿನ ಹಿತ್ತಾಳೆ ಚರಿಗೆ ಒಂದು ಸ್ವರ ನುಡಿಯುತ್ತಿತ್ತು. ಗೋಡೆ, ಬಾಗಿಲು, ಪಾತ್ರೆಯ ಹಲಗೆ ಎಲ್ಲೆಡೆ ಅಂಟಿಸಿದ್ದ ಬಟಾಣಿ ಗಾತ್ರದ ನಾದಗುಂಡಿಗಳ ಕೆಲಸ ಅದು. ಮನುಷ್ಯರ ಚಲನವಲನವನ್ನು ಅವು ಆಲಿಸುತ್ತಿದ್ದವು. ತಾವು ಕುಳಿತ ವಸ್ತುವನ್ನೇ ನಡುಗಿಸಿ ವಾದ್ಯವಾಗಿಸುತ್ತಿದ್ದವು. ಅವಕ್ಕೆ ತಂತಿಯೂ ಬೇಡ, ಬ್ಯಾಟರಿಯೂ ಬೇಡ. ಊರಿನ ಸದ್ದಿನ ಕಂಪನದಿಂದಲೇ ಶಕ್ತಿ ಹೀರಿಕೊಂಡು ಬದುಕುತ್ತಿದ್ದವು.

"ಗುಳಿಗಿ ನುಂಗಿದಿ?"

"ನುಂಗೀನಿ."

"ಬಾಯಿ ತೋರ್ಸು."

"ಅವ್ವಾ! ನಾ ಏನು ಕಳ್ಳಿಯೇನ?" ಎಂದು ಮುಕ್ತಾ ನಾಲಗೆಯನ್ನು ಗದ್ದದವರೆಗೆ ಚಾಚಿ ತೋರಿಸಿದಳು. "ಸಾಲಿ ಸೂಟಿ ಐತಿ. ನಾ ಒಬ್ಬಾಕಿನ ಆರಾಮ ಇರ್ತೀನಿ. ನೀ ಹೋಗು."

ಆರಾಮ ಎಂಬ ಆ ಮಾತಿನ ಮೇಲೆ ನೀಲಾಂಬಿಕಾಳಿಗೆ ಪೂರ್ತಿ ನಂಬಿಕೆಯಿರಲಿಲ್ಲ. ಮಗಳಿಗೆ ಐದನೆಯ ವಯಸ್ಸಿನಿಂದ ಫಿಟ್ಸ್ ಬರುತ್ತಿತ್ತು. ಹೊಸ ಗುಳಿಗೆ ಶುರುವಾದ ಮೇಲೆ ಒಂದು ವರ್ಷದಿಂದ ಬಂದಿರಲಿಲ್ಲ. ಆದರೂ ಡಾಕ್ಟರರ ಮಾತು ತಾಯಿಯ ಎದೆಯಲ್ಲಿ ಮುಳ್ಳಿನಂತೆ ಕುಳಿತಿತ್ತು: "ಬಂದಾಗ ಹತ್ತಿರ ಯಾರಾದರೂ ಇರಬೇಕು. ಮಗ್ಗುಲಾಗಿ ಮಲಗಿಸಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ಬಂದರೆ ಉಸಿರೇ ಕಟ್ಟಬಹುದು." ಗಂಡ ದೂರದ ಅಣೆಕಟ್ಟಿನಲ್ಲಿ ಎಂಜಿನಿಯರ್, ತಿಂಗಳಿಗೆ ಎರಡು ಸಲ ಬರುವವನು. ಹೀಗಾಗಿ ಮಗಳ ಜೀವದ ಕಾವಲು ಎರಡು ಕಿವಿಗಳಿಗೆ ಬಂದಿತ್ತು. ಒಂದು, ತಾನು ದುಡಿಯುವ ಸಂಶೋಧನ ಕೇಂದ್ರದಲ್ಲಿ ಕುಳಿತೇ ತನ್ನ ಮನೆಯ ನಾದವನ್ನು ಕೇಳಬಲ್ಲ ತಾಯಿಯದು. ಇನ್ನೊಂದು ಪಕ್ಕದ ಮನೆಯ ಇಂದೂ ಕಾಕುವಿನದು.

"ಹೋಗಿ ಬಾ ನೀಲಾ," ಎಂದರು ಇಂದೂ ಕಾಕು, ನಡುಗೋಡೆಯ ಆಚೆ ಅವರೆಕಾಯಿ ಸುಲಿಯುತ್ತ. "ನಾ ಕಿವಿ ಇಟ್ಟಿರ್ತೀನಿ. ಮೊದಲು ತಾಸಿಗೊಮ್ಮೆ ಸ್ಟೂಲ್ ಹತ್ತಿ ಇಣುಕಬೇಕಾಗ್ತಿತ್ತು. ನಿನ್ನ ಗುಂಡಿ ಬಂದು ನನ್ನ ಮೊಣಕಾಲು ಉಳದ್ವು ನೋಡು."

ನೀಲಾಂಬಿಕಾ ನಕ್ಕು, ಕಾಕುವಿಗೆ ಇನ್ನೊಂದು ಕೀಲಿ ಕೊಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೊರಟಳು.

*

ಸರ್ವತ್ರ ಸಂಗೀತ ಎಂಬ ಶಾಸ್ತ್ರ ಹುಟ್ಟಿದಾಗ ಅದನ್ನು ಯಾರೂ ಶಾಸ್ತ್ರವೆಂದು ಒಪ್ಪಿರಲಿಲ್ಲ. ಸಂಗೀತಗಾರರು ಅದನ್ನು ಕಂಪ್ಯೂಟರಿನವರ ಆಟವೆಂದರು. ಕಂಪ್ಯೂಟರಿನವರು ಸಂಗೀತಗಾರರ ಹುಚ್ಚೆಂದರು. ಅದರ ಪ್ರಶ್ನೆ ಮಾತ್ರ ಸರಳವಾಗಿತ್ತು. ಸಂಗೀತ ವೇದಿಕೆಯ ಮೇಲೆಯೇ ಏಕಿರಬೇಕು? ಕಲಿತವರ ಕಂಠದಲ್ಲಿಯೇ ಏಕಿರಬೇಕು? ನಿಂತ ಜಾಗದಲ್ಲಿ, ಕೈಗೆ ಸಿಕ್ಕ ವಸ್ತುವಿನಿಂದ, ಯಾರು ಬೇಕಾದರೂ ಏಕೆ ನುಡಿಸಬಾರದು? ಮೊದಲು ಕೆಲವರು ಜೇಬಿನ ಫೋನುಗಳನ್ನು ವಾದ್ಯ ಮಾಡಿದರು. ಆಮೇಲೆ ಸಂತೆ, ಬಸ್ಸು, ಅಡುಗೆಮನೆಗಳು ಪ್ರಯೋಗಶಾಲೆಗಳಾದವು. ಸಮ್ಮೇಳನಗಳು ನಡೆದವು, ಪತ್ರಿಕೆಗಳು ಹೊರಟವು, ವಿಶ್ವವಿದ್ಯಾಲಯಗಳಲ್ಲಿ ಪೀಠಗಳಾದವು.

ಆದರೆ ಎಲ್ಲ ಕಡೆಯೂ ಒಂದೇ ತೊಡಕು. ಸಾಮಾನ್ಯ ಮನುಷ್ಯ ನಡುವೆ ನಿಲ್ಲುತ್ತಾನೆ. ಕೆಮ್ಮುತ್ತಾನೆ, ಮರೆಯುತ್ತಾನೆ, ಬೇಸರಗೊಂಡು ಕೈಬಿಡುತ್ತಾನೆ. ಆಗ ಸಂಗೀತ ತುಂಡಾಗುತ್ತದೆ. ಬೇರೆ ಊರುಗಳ ಸಂಶೋಧಕರು, ತುಂಡಾದದ್ದೂ ಸಂಗೀತವೇ ಎಂದು ಸಮಾಧಾನ ಮಾಡಿಕೊಂಡರು. ಧಾರವಾಡದ ಕಿವಿಗೆ ಅದು ಒಗ್ಗಲಿಲ್ಲ.

ಪರಿಹಾರ ಕಂಡವಳು ನೀಲಾಂಬಿಕಾ. ಎಳೆಯ ವಯಸ್ಸಿನಲ್ಲಿ ಅವಳು ರುದ್ರಯ್ಯ ಮಾಸ್ತರರ ಶಿಷ್ಯೆ. ಕಛೇರಿಗಳಲ್ಲಿ ಗುರುವಿನ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತು ಸಾಥ್ ಕೊಟ್ಟವಳು. ಮಾಸ್ತರರಿಗೆ ದಮ್ಮಿನ ಕಾಯಿಲೆ. ಆಲಾಪದ ನಡುವೆ ಉಸಿರು ತಪ್ಪುತ್ತಿತ್ತು. ಆ ಕ್ಷಣದಲ್ಲೇ ಅವರು ಬಿಟ್ಟ ಸ್ವರವನ್ನು ಅದೇ ಎತ್ತರದಲ್ಲಿ, ಅದೇ ತೂಕದಲ್ಲಿ ಅವಳು ಎತ್ತಿಕೊಂಡು, ಗುರು ಮರಳಿ ಬರುವತನಕ ಹೊತ್ತು ನಿಲ್ಲುತ್ತಿದ್ದಳು. ಮುಂದಿನ ಸಾಲಿನ ಶ್ರೋತೃವಿಗೂ ಸುಳಿವು ಹತ್ತುತ್ತಿರಲಿಲ್ಲ. ಗುರುವಿನ ತಡವರಿಕೆ ಸಭೆಗೆ ಕಾಣಬಾರದು ಎಂಬುದು ಶಿಷ್ಯಧರ್ಮ.

ಆ ಧರ್ಮವನ್ನೇ ಅವಳು ಗುಂಡಿಗಳಿಗೆ ಕಲಿಸಿದಳು. ಮನೆಯಲ್ಲಿ ಯಾರ ಕೈ ನಿಂತರೂ, ಯಾರ ಹೆಜ್ಜೆ ತಪ್ಪಿದರೂ, ಗೋಡೆ ಅದನ್ನು ಎತ್ತಿಕೊಳ್ಳುತ್ತಿತ್ತು. ರಾತ್ರಿ ದೀಪ ಆರಿದರೆ ಅದಕ್ಕೆ ವಿಶ್ರಾಂತಿ. ಮನುಷ್ಯ ಹೊಸ್ತಿಲು ದಾಟಿ ಹೊರಹೋದರೆ ಅವನ ನಾದದ ಎಳೆ ಮುಕ್ತಾಯ. ಮಾತನ್ನು ಮಾತ್ರ ಮುಟ್ಟಬಾರದೆಂದು ಕಟ್ಟಪ್ಪಣೆ, ನಾದಕ್ಕಷ್ಟೇ ಸಾಥ್. ಅವಳ ಪ್ರಬಂಧವನ್ನು ದೇಶದೇಶಗಳಲ್ಲಿ ಓದಿದರು. ಧಾರವಾಡದ ಮನೆಮನೆಗೂ ಗುಂಡಿಗಳು ಬಂದವು. ಜನರಿಗೆ ಹಿತವಾಯಿತು, ನೆರೆಮನೆಯ ಇಂಪು ಕಿವಿಗೆ ಬೀಳುತ್ತಿದ್ದರೆ ನೆರೆಯವರು ಕ್ಷೇಮ ಎಂದು ತಿಳಿದು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು.

ಆ ಬೆಳಿಗ್ಗೆ ಸಂಶೋಧನ ಕೇಂದ್ರದ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಊರಿನ ಮನೆಗಳೆಲ್ಲ ಬಣ್ಣದ ಎಳೆಗಳಾಗಿ ಹರಿಯುತ್ತಿದ್ದವು. ಕೇಂದ್ರದ ಮುಖ್ಯ ಎಂಜಿನಿಯರ್ ಇಮ್ತಿಯಾಜ್ ಬೇಪಾರಿ ಬಾಗಿಲಲ್ಲೇ ಎದುರಾದ. ಮನೆತನದ ತಬಲಾ ಬೆರಳುಗಳು ಅವನವು, ಎಂದೂ ಸುಮ್ಮನಿರದವು. ಇಂದು ಅಲುಗಾಡದೆ ಜೋತುಬಿದ್ದಿದ್ದವು.

"ಅಕ್ಕಾರ, ಟೇಲರ್ ಪಿಸೆ ಅಣ್ಣಾರು ಹೋಗ್ಯಾರ."

"ಅಯ್ಯೋ, ಯಾವಾಗ?"

"ಅದನ್ನ ಹೇಳಾಕ ಬಂದೆ. ಡಾಕ್ಟರ್ ಮೂರು ದಿನಾ ಆಗೈತಿ ಅಂತಾರ. ಆದರ..." ಅವನು ದನಿ ತಗ್ಗಿಸಿದ. "ನಿನ್ನಿ ಸಂಜಿತನಕ ಅವರು ಮಶೀನ್ ತುಳಿಯೋದು ಓಣಿ ಮಂದಿಗೆಲ್ಲ ಕೇಳೈತಿ."

*

ಪಿಸೆಯವರ ಅಂಗಡಿಯೂ ಮನೆಯೂ ಒಂದೇ ಕೋಣೆ. ಒಂಟಿಜೀವ. ಬಾಗಿಲ ಮುಂದೆ ಹೂವಿನ ನಾಗವ್ವ ಸೆರಗು ಮೂಗಿಗೆ ಹಿಡಿದು ನಿಂತಿದ್ದಳು.

"ನನ್ನ ಅಂಗಡಿ ಎದುರಿಗೇ ಐತಲ್ರಿ ಬಾಯಾರ! ಮೂರೂ ದಿನ ಕೇಳೀನಿ. ಖಟಖಟ ಖಟಖಟ ಅಂತ ಹೊಲದದ್ದ ಹೊಲದದ್ದು. ಕುಬಸ ಕೊಟ್ಟಿದ್ದೆ, ಲಗೂ ಆಗಲಿ ಅಂತ ನಾನೂ ತಡವಲಿಲ್ಲ. ವಾಸನಿ ಬಂದ ಮ್ಯಾಲ ಬಾಗಿಲಾ ಮುರದ್ರು." ಅವಳು ಕೋಣೆಯತ್ತ ಕೈ ತೋರಿದಳು, ತಾನು ಮುಂದೆ ಹೋಗಲಿಲ್ಲ. "ಇನ್ನೂ ನಿಂತಿಲ್ಲರಿ. ಕೇಳ್ರಿ ನೀವ."

ನೀಲಾಂಬಿಕಾ ಒಳಗೆ ಕಾಲಿಟ್ಟಳು. ಹೆಣವನ್ನು ಆಗಲೇ ಒಯ್ದಿದ್ದರು. ಹೊಲಿಗೆಯಂತ್ರದ ಸೂಜಿ ಅರ್ಧ ಹೊಲಿದ ಕುಬಸದ ತೋಳಿನಲ್ಲಿ ಚುಚ್ಚಿಕೊಂಡು ನಿಂತಿತ್ತು. ಯಂತ್ರದ ಮೇಲಿನ ದೀಪ ಇನ್ನೂ ಉರಿಯುತ್ತಿತ್ತು. ಪೆಡಲ್ ಕದಲುತ್ತಿರಲಿಲ್ಲ. ಆದರೆ ಕೋಣೆಯ ತುಂಬ ಖಟಖಟ, ಖಟಖಟ. ನಡುನಡುವೆ ದಾರ ಕಡಿಯಲು ನಿಂತಂತೆ ಒಂದು ಬಿಡುವು. ಬಿಡುವಿನಲ್ಲಿ ಮುದುಕನ ಗಂಟಲಿನ ಸಣ್ಣ ಗುನುಗು. ಮತ್ತೆ ಖಟಖಟ. ಲಯ ಕೂದಲೆಳೆಯಷ್ಟೂ ಜಾರುತ್ತಿರಲಿಲ್ಲ.

"ಅವರನ್ನ ಹೊತಗೊಂಡು ಹೋಗ್ಯಾರಲ್ಲ," ಎಂದಳು ನೀಲಾಂಬಿಕಾ. "ಎಳಿ ಯಾಕ ಮುಗದಿಲ್ಲ?"

"ಹೊತಗೊಂಡು ಹೋಗ್ಯಾರ, ಅದಕ್ಕ," ಎಂದ ಇಮ್ತಿಯಾಜ್. "ಗುಂಡಿಗೆ ಗೊತ್ತಿರೋದು ಹೆಜ್ಜಿ ಸಪ್ಪಳ ಅಷ್ಟ. ಪಿಸೆ ಅಣ್ಣಾರು ತಮ್ಮ ಕಾಲಿಲೆ ಹೊಸ್ತಿಲಾ ದಾಟಿಲ್ಲ."

*

ನಿಯಂತ್ರಣ ಕೊಠಡಿಗೆ ಮರಳಿದವಳೇ ನೀಲಾಂಬಿಕಾ ಇಯರ್‌ಫೋನ್ ಎತ್ತಿಕೊಂಡು ತನ್ನ ಮನೆಯ ಎಳೆಗೆ ಕಿವಿಗೊಟ್ಟಳು. ಜಿಗಿತ, ಚರಿಗೆಯ ಸ್ವರ, ಮುಕ್ತಾಳ ಗುನುಗು. ಎದೆ ಹಗುರಾಯಿತು. ಮರುಗಳಿಗೆಯಲ್ಲೇ ಆ ಹಗುರತನದ ಅಡಿಯಿಂದ ಒಂದು ತಣ್ಣನೆಯ ಯೋಚನೆ ಮೇಲೆ ಬಂತು.

"ಇಮ್ತಿಯಾಜ್, ಸಾಥ್ ಎಲ್ಲಿತನಕ ಕೊಡಬೇಕು ಅಂತ ಬರದಿದ್ವಿ ನಾವು?"

"ಗುರು ಮತ್ತ ಎತ್ತಿಕೊಳ್ಳೋತನಕ."

"ಗುರು ಎತ್ತಿಕೊಳ್ಳದಿದ್ರ?"

ಅವಳು ಕಂಡ ಕಛೇರಿಗಳಲ್ಲೆಲ್ಲ ರುದ್ರಯ್ಯ ಮಾಸ್ತರರು ಕೆಮ್ಮಿ, ಕೊರಳು ಸರಿಮಾಡಿಕೊಂಡು, ಮತ್ತೆ ಎತ್ತಿಕೊಂಡೇ ಇದ್ದರು. ಎತ್ತಿಕೊಳ್ಳದೆ ಉರುಳಿಬೀಳುವ ಗುರುವನ್ನು ಅವಳು ಕಲ್ಪಿಸಿಯೂ ಇರಲಿಲ್ಲ. ಅಂಥವನಿಗಾಗಿ ಒಂದು ಸಾಲನ್ನೂ ಬರೆದಿರಲಿಲ್ಲ.

"ಈ ಎಳ್ಯಾಗ ನನ್ನ ಮಗಳದ್ಯಾವುದು, ಗುಂಡಿದ್ಯಾವುದು, ಬ್ಯಾರೆ ಮಾಡಿ ತೋರ್ಸು."

"ಆಗಂಗಿಲ್ಲಕ್ಕಾರ. ಯಾರಿಗೂ ಗೊತ್ತಾಗಬಾರದು ಅಂತನ ಅಲ್ಲೇನ್ರಿ ನಾವು ಇಷ್ಟು ವರ್ಷ ದುಡದದ್ದು?"

ಅವಳು ಮಗಳ ಫೋನಿಗೆ ಕರೆ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಫೋನನ್ನು ಎಲ್ಲೋ ಎಸೆದು ಆಡುವುದು ಮುಕ್ತಾಳ ಚಾಳಿಯೇ. ಇರಲಿ. ಇಂದೂ ಕಾಕುವಿಗೆ ಮಾಡಿದಳು.

"ಅಯ್ಯ, ಏನಾಗ್ಯದ ನಿನಗ? ಬೆಳಗಿನಿಂದ ಜಿಗೀಲಿಕ್ಕತ್ತಾಳ, ಹಾಡ್ಲಿಕ್ಕತ್ತಾಳ. ಇವತ್ತಂತೂ ಒಂದು ಗಳಿಗಿ ಸುಮ್ಮನಿಲ್ಲ ನಿನ್ನ ಮಗಳು."

"ಕಣ್ಣಿಲೆ ನೋಡ್ರಿ ಕಾಕು. ಗ್ವಾಡಿ ಮ್ಯಾಲಿಂದ ಇಣುಕ್ರಿ."

"ತಡಿ, ಕರೀತೀನಿ." ಕಾಕುವಿನ ದನಿ ಫೋನಿನಿಂದ ದೂರವಾಯಿತು. "ಮುಕ್ತಾ! ಏ ಮುಕ್ತಾ!"

ಗೋಡೆಯಾಚೆಯಿಂದ ನೀಳವಾಗಿ, ಸ್ಪಷ್ಟವಾಗಿ ಬಂತು: "ಓ..."

"ಕೇಳಿದೇನ? ಓ ಅಂತಾಳ. ಸುಮ್ಮ ಜೀವ ತಿನ್ನಬ್ಯಾಡ ಮಾರಾಯ್ತಿ, ಹಾಲು ಒಲಿ ಮ್ಯಾಲ ಇಟ್ಟೀನಿ." ಕರೆ ಕಡಿಯಿತು.

ನೀಲಾಂಬಿಕಾ ಕುರ್ಚಿಯಲ್ಲಿ ಕುಸಿದು ಕೂತಳು. ಮಗಳು ಓಗೊಟ್ಟಿದ್ದಾಳೆ. ಇನ್ನೇನು ಬೇಕು? ಆದರೆ ಎಳವೆಯಿಂದ ತಂಬೂರಿಯ ಮಗ್ಗುಲಲ್ಲಿ ಬೆಳೆದ ಅವಳ ಕಿವಿ ಆ "ಓ"ವನ್ನು ಬಿಡಲೊಲ್ಲದಾಯಿತು. ಅದು ನೇರವಾಗಿ ಪಂಚಮದ ಮೇಲೆ ಇಳಿದಿತ್ತು, ಎಣ್ಣೆಯ ಧಾರೆಯಂತೆ. ಮುಕ್ತಾಳ ಒಡಕು ಕಂಠ ಹುಟ್ಟಿದಾಗಿನಿಂದ ಒಮ್ಮೆಯೂ ಪಂಚಮಕ್ಕೆ ನೆಟ್ಟಗೆ ಕೂತದ್ದಿಲ್ಲ.

ಮಾತನ್ನು ಮುಟ್ಟಬೇಡ ಎಂದು ಅಪ್ಪಣೆಯಿತ್ತು, ನಿಜ. ಆದರೆ ಕೇಳುವ ಯಂತ್ರಕ್ಕೆ "ಓ" ಎಂಬುದು ಮಾತೇ ಅಲ್ಲ. ಒಂದು ದೀರ್ಘ ಸ್ವರ, ಅಷ್ಟೆ. ದಿನಕ್ಕೆ ಹಲವು ಸಲ, ಹೆಸರು ಕರೆದಾಗಲೆಲ್ಲ ನುಡಿಯುವ ಸ್ವರ.

"ನಿಲ್ಲಿಸು," ಎಂದಳು ಎದ್ದು ನಿಂತು. "ಇಡೀ ಊರಿನ ಸಾಥ್ ನಿಲ್ಲಿಸು. ಈಗಲೇ."

"ಅಕ್ಕಾರ, ಮ್ಯಾಲಿನವರ ಪರವಾನಗಿ..."

"ನಿಲ್ಲಿಸೋ!"

ಇಮ್ತಿಯಾಜ್ ಆಜ್ಞೆ ಒತ್ತಿದ. ಪರದೆಯ ಎಳೆಗಳೆಲ್ಲ ಒಮ್ಮೆಗೇ ಆರಿಹೋದವು. ಕಪ್ಪು. ಒಂದು ಉಸಿರಿನಷ್ಟು ಹೊತ್ತು ಇಬ್ಬರೂ ಆ ಕಪ್ಪನ್ನೇ ನೋಡಿದರು. ಆಮೇಲೆ ಅಂಚಿನಿಂದ ಒಂದು ಎಳೆ ಮರಳಿ ಹೊಳೆಯಿತು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಊರು ಊರೇ ಬೆಳಗಿ, ಮೊದಲಿಗಿಂತ ತುಂಬಿಕೊಂಡು ಹರಿಯತೊಡಗಿತು. ಇಮ್ತಿಯಾಜನ ಕೈ ಕೀಲಿಮಣೆಯ ಮೇಲೆಯೇ ಇತ್ತು. ಅದು ಏನನ್ನೂ ಒತ್ತುತ್ತಿರಲಿಲ್ಲ.

"ನಾವು ನಿಂತದ್ದನ್ನ ಅವು ಉಸಿರು ತಪ್ಪಿತು ಅಂತ ತಿಳಕೊಂಡಾವು," ಎಂದ ಅವನು ಪಿಸುದನಿಯಲ್ಲಿ. "ಅಕ್ಕಾರ, ಅವು ನಮಗ ಸಾಥ್ ಕೊಡಾಕತ್ತಾವು."

ನೀಲಾಂಬಿಕಾ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

*

ಇಮ್ತಿಯಾಜನ ಸ್ಕೂಟರಿನ ಹಿಂದೆ ಕೂತು ಅವಳು ಊರನ್ನು ದಾಟಿದಳು. ಇಷ್ಟು ದಿನ ತಾನೇ ಮೆಚ್ಚಿ ತಲೆದೂಗಿದ ಊರದು. ಕಿಟಕಿಕಿಟಕಿಯಿಂದ ಕುಟ್ಟುವ, ಬೀಸುವ, ತೊಟ್ಟಿಲು ತೂಗುವ ನಾದ ಹೊರಚೆಲ್ಲುತ್ತಿತ್ತು. ಒಂದೂ ಅಪಸ್ವರವಿಲ್ಲ. ಯಾವ ಕಿಟಕಿಯ ಹಿಂದೆ ಕೈಯಿದೆ, ಯಾವುದರ ಹಿಂದೆ ಬರಿಯ ಗೋಡೆಯಿದೆ ಎಂದು ಯಾರು ಹೇಳಬೇಕು?

ಮನೆಯ ಬೀಗ ತೆಗೆಯುವಾಗ ಒಳಗಿನಿಂದ ಜಿಗಿತದ ಸದ್ದು ಬರುತ್ತಿತ್ತು. ಬಾಗಿಲು ತಳ್ಳಿದಳು. ಪಡಸಾಲೆ ಬರಿದಾಗಿತ್ತು. ಚರಿಗೆ ಮಾತ್ರ ತನ್ನಷ್ಟಕ್ಕೆ ಒಂದೊಂದೇ ಸ್ವರ ನುಡಿಯುತ್ತಿತ್ತು.

"ಮುಕ್ತಾ!"

"ಓ..." ಅಡುಗೆಮನೆಯಿಂದ.

ಓಡಿದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬೆಳಗಿನ ರೊಟ್ಟಿ ಮುಚ್ಚಿಟ್ಟ ಹಾಗೆಯೇ ಇತ್ತು.

"ಮುಕ್ತಾ, ಎಲ್ಲಿದ್ದಿ?"

"ಓ..." ಮೆಟ್ಟಿಲ ಮೇಲಿಂದ. ಮೇಲೆ ಹೋದರೆ ಹಿತ್ತಿಲಿನಿಂದ. ಹಿತ್ತಿಲಿಗೆ ಹೋದರೆ ದೇವರ ಕೋಣೆಯಿಂದ. ಪ್ರತಿ ಸಲವೂ ಅದೇ ಪಂಚಮ. ಪ್ರತಿ ಸಲವೂ ಆರೋಗ್ಯದಿಂದ ತುಂಬಿದ, ನಗುವಂಥ ದನಿ. ನೀಲಾಂಬಿಕಾ ನಡುಮನೆಯಲ್ಲಿ ನಿಂತು ಏದುಸಿರು ಬಿಟ್ಟಳು. ಇನ್ನು ಕರೆಯಬಾರದೆಂದು ತುಟಿ ಕಚ್ಚಿ ಹಿಡಿದಳು.

"ಮುಕ್ತಾ!"

ಅದು ಅವಳದೇ ದನಿ. ಅವಳ ಬಾಯಿ ಮುಚ್ಚಿತ್ತು.

"ಓ..."

"ಮುಕ್ತಾ!"

"ಓ..."

ತಾಯಿ ತಡವರಿಸಿದ್ದಳು; ಎಳೆದು ಕೂಗಿದ ಹೆಸರೂ ಯಂತ್ರಕ್ಕೆ ಬರಿಯ ಸ್ವರವೇ, ಮನೆ ಅವಳನ್ನೂ ಎತ್ತಿಕೊಂಡಿತ್ತು. ಅವಳ ಸುತ್ತ ತಾಯಿಮಗಳಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತ, ಓಗೊಡುತ್ತ, ಸುಖವಾಗಿ ಸಂಸಾರ ನಡೆಸತೊಡಗಿದ್ದರು. ಇದಕ್ಕೆ ತಾನೂ ಬೇಕಿಲ್ಲ, ಮಗಳೂ ಬೇಕಿಲ್ಲ.

ಅವಳು ಎರಡೂ ಕಿವಿಗಳಿಗೆ ಬೆರಳು ತುರುಕಿಕೊಂಡಳು. ಜೀವಮಾನದುದ್ದಕ್ಕೂ ನಂಬಿದ ಕಿವಿಗಳನ್ನು ಮುಚ್ಚಿಕೊಂಡು ಬರಿಯ ಕಣ್ಣಿನಿಂದ ಹುಡುಕಿದಳು. ಮಂಚದ ಕೆಳಗೆ, ಕಪಾಟಿನ ಹಿಂದೆ, ಜೋಳದ ಡಬ್ಬಿಯ ಸಂದಿಯಲ್ಲಿ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಅದರ ಕೆಳಗೆ ಒಂದು ಹಿಮ್ಮಡಿ ಕಂಡಿತು.

ಮುಕ್ತಾ ಹಂಡೆಗೂ ಗೋಡೆಗೂ ನಡುವೆ ಬೋರಲಾಗಿ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು, ಗದ್ದದ ಮೇಲೆ ನೊರೆ ಒಣಗಿತ್ತು. ನೀಲಾಂಬಿಕಾ ಅವಳನ್ನು ಮಗ್ಗುಲಾಗಿಸಿ, ಬಾಯೊಳಗೆ ಸಿಕ್ಕಿಕೊಂಡದ್ದನ್ನು ಬೆರಳಿನಿಂದ ತೆಗೆದು, ತನ್ನ ಕೆನ್ನೆಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. ಕೇಳಿದರೆ ನಂಬುವಂತಿರಲಿಲ್ಲ, ತಾಗಬೇಕಿತ್ತು. ಏನೂ ತಾಗಲಿಲ್ಲ. ಬೆನ್ನು ತಿಕ್ಕಿದಳು. ಮತ್ತೆ ಕೆನ್ನೆ ಹಿಡಿದಳು. ಆಗ, ನೂಲಿನಷ್ಟು ತೆಳ್ಳಗೆ, ಬಿಸಿಯಾದದ್ದೇನೋ ಚರ್ಮಕ್ಕೆ ಸೋಕಿತು.

ಮಗಳನ್ನು ತೋಳಲ್ಲಿ ಎತ್ತಿಕೊಂಡು ಅವಳು ಹೊಸ್ತಿಲು ದಾಟಿದಳು. ದಾಟಿದ ಕೂಡಲೇ ಮನೆಯೊಳಗಿನ ತಾಯಿಯ ದನಿ ನಿಂತಿತು. ಮಗಳ ಜಿಗಿತ ನಿಲ್ಲಲಿಲ್ಲ.

ಅಂಗಳದ ಗಾಳಿ ತಗುಲಿ ಮುಕ್ತಾ ಕಣ್ಣು ತೆರೆದಳು. ಅವಳ ನಿಜದ ದನಿ ಒಡಕಾಗಿತ್ತು, ಕೇಳಿಸೀತೋ ಇಲ್ಲವೋ ಎಂಬಂತಿತ್ತು.

"ಅವ್ವಾ... ಬರೋಹಂಗ ಆತು ಅಂತ ಕಾಕುನ್ನ ಕರದೆ. ಬಾಳ ಸಲ ಕರದೆ. ಗ್ವಾಡಿ ಅದನ್ನ ಹಾಡು ಮಾಡಿಬಿಡ್ತು."

"ಮಾತಾಡಬ್ಯಾಡ ನನ್ನ ಕೂಸ. ಸುಮ್ನಿರು." ನೀಲಾಂಬಿಕಾಳ ಅಂಗೈ ಮಗಳ ಎದೆಯನ್ನು ಬಿಟ್ಟು ಕದಲಲಿಲ್ಲ. "ಇಮ್ತಿಯಾಜ್, ಆಟೋ ನೋಡು!"

ಅಂಗಳದಲ್ಲೇ ಕಾದಿದ್ದ ಇಮ್ತಿಯಾಜ್ ಓಣಿಯ ತುದಿಗೆ ಓಡಿದ. ಪಕ್ಕದ ಮನೆಯ ಗೇಟಿನಲ್ಲಿ ಇಂದೂ ಕಾಕು ನಗುಮುಖದಿಂದ ಕಾಣಿಸಿಕೊಂಡರು.

"ಈಗ ಬಂದೇನ? ಆಗಿನಿಂದ ಕೇಳ್ಲಿಕ್ಕತ್ತೀನಿ, ಏನ್ ಗದ್ದಲಾ ತಾಯಿಮಗಳದು..." ಮಗುವಿನ ಮುಖ ಕಂಡೊಡನೆ ಕಾಕುವಿನ ಕೈಲಿದ್ದ ಸೌಟು ಕೆಳಗೆ ಬಿತ್ತು. "ಅಯ್ಯೋ ನನ್ನವ್ವ! ಏನಾತ? ಈಗ ಓ ಅಂದಳಲ್ಲ! ನಾ ಕೇಳೀನಿ, ದೇವರಾಣಿ ಕೇಳೀನಿ!"

"ಅದು ಆಕಿ ಅಲ್ಲ ಕಾಕು. ಗ್ವಾಡಿ."

"ಗ್ವಾಡಿ?" ಕಾಕುವಿಗೆ ಅದು ಒಮ್ಮೆಗೆ ಇಳಿಯಲಿಲ್ಲ. "ಆಟೋ ದಾರಿ ಕಾಯಬ್ಯಾಡ, ನಮ್ಮ ಕಾರ್ ಅದ. ನಮ್ಮವರು ಬೆಳಗಿನಿಂದ ಅಟ್ಟದ ಮ್ಯಾಲ ಕೂತು ಅಡಿಕಿ ಕುಟ್ಟಲಿಕ್ಕತ್ತಾರ. ತಡಿ, ಅವರನ್ನ ಕರೀತೀನಿ."

ಕಾಕುವಿನ ಮನೆಯ ಅಟ್ಟದಿಂದ ಕುಟ್ಟಾಣಿಯ ಸದ್ದು ಇಳಿದುಬರುತ್ತಿತ್ತು. ಟಣ್, ಟಣ್, ಟಣ್. ಸಣ್ಣ ಬಿಡುವು. ಮತ್ತೆ ಟಣ್, ಟಣ್, ಟಣ್. ಕೂದಲೆಳೆಯಷ್ಟೂ ಜಾರದ ಲಯ.

ನೀಲಾಂಬಿಕಾ ಕಾಕುವಿನ ಹತ್ತಿರ ಸರಿದಳು. ಕೇಳಲೇಬೇಕಿತ್ತು.

"ಕಾಕು, ನೀವು ಕಾಕಾರನ್ನ ಕಣ್ಣಿಲೆ ನೋಡಿದ್ದು ಯಾವಾಗ್ರಿ?"

ಇಂದೂ ಕಾಕು ಅವಳ ಮುಖ ನೋಡಿದರು, ತೋಳಿನಲ್ಲಿದ್ದ ಮಗುವನ್ನು ನೋಡಿದರು, ಆಮೇಲೆ ನಿಧಾನವಾಗಿ ತಮ್ಮ ಅಟ್ಟದ ಕಿಟಕಿಯತ್ತ ತಿರುಗಿದರು. "ಏನ್ರೀ" ಎಂದು ಕೂಗಲು ಬಾಯಿ ತೆರೆದರು. ಅಷ್ಟರಲ್ಲೇ ಎರಡೂ ಅಂಗೈಗಳಿಂದ ಆ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡರು. ಕೂಗಿದರೆ ಉತ್ತರ ಬಂದೇ ಬರುತ್ತದೆ ಎಂಬುದು ಈಗ ಅವರಿಗೂ ಗೊತ್ತಿತ್ತು.